ಕೆಟ್ಟರೆ ಬರುವವರು ಯಾರು?

ಶಿರಸಿಯ ಭೈರುಂಬೆಯಿಂದ ಸಹಸ್ರಲಿಂಗದ ಹೊಳೆಯ ಕಡೆಗೆ ಹೋಗುವ ದಾರಿಯಲ್ಲಿ ನನಗೆ ಪರಿಚಯದ ಮನೆಯೊಂದಿದೆ. ಹೋದ ಆಷಾಢದಲ್ಲಿ ಅಲ್ಲಿಗೆ ಹೋದಾಗ ಅಡುಗೆಮನೆಯ ಗೋಬರ್ ಗ್ಯಾಸ್ ಒಲೆ ಎರಡು ದಿನದಿಂದ ಸರಿಯಾಗಿ ಉರಿಯುತ್ತಿರಲಿಲ್ಲ. ಹಳದಿ ಉರಿ ಭಗ್ಗೆಂದು ಎದ್ದು, ಕುಣಿದು, ಆರುತ್ತಿತ್ತು. ಮನೆಯ ಯಜಮಾನತಿ ಗ್ಯಾಸಿನ ಗುಂಡಿ ಕಟ್ಟಿದ ಮೇಸ್ತ್ರಿಗೆ ಫೋನ್ ಮಾಡಿದ್ದರು. ಗುಂಡಿ ಕಟ್ಟಿ ಇಪ್ಪತ್ತು ವರ್ಷವಾಗಿದೆ. ಮಧ್ಯಾಹ್ನದ ಹೊತ್ತಿಗೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಬೈಕಿನಲ್ಲಿ ಅವರು ಬಂದೇ ಬಂದರು. ಗುಂಡಿಯ ಹತ್ತಿರವೂ ಸುಳಿಯಲಿಲ್ಲ. ಗೋಡೆಗುಂಟ ಬಂದ ಪೈಪನ್ನು ಕಣ್ಣಲ್ಲೇ ಅಳೆದು, ಅದು ಎಲ್ಲಿ ಜೋತುಬಿದ್ದಿದೆ ಎಂದು ಹುಡುಕಿ, ಆ ತಗ್ಗಿನ ಮುಚ್ಚಳ ತಿರುಗಿಸಿದರು. ಒಂದು ತಂಬಿಗೆಯಷ್ಟು ನೀರು ಸುರಿಯಿತು. ಗ್ಯಾಸಿನ ಜೊತೆ ಬರುವ ಆವಿ ಮಳೆಗಾಲದ ಥಂಡಿಗೆ ನೀರಾಗಿ ಪೈಪಿನಲ್ಲಿ ನಿಂತು ದಾರಿ ಕಟ್ಟಿತ್ತು. ಪೈಪಿನ ಕೆಳಗೊಂದು ಕಲ್ಲು ಕೊಟ್ಟು ಎತ್ತರಿಸಿದರು. ಒಳಗೆ ಒಲೆ ನೀಲಿಯಾಗಿ ಹೊತ್ತಿಕೊಂಡಿತು. ಒಟ್ಟು ಹತ್ತು ನಿಮಿಷದ ಕೆಲಸ. ದುಡ್ಡು ಕೊಡಹೋದರೆ ಬೇಡವೆಂದರು. ಚಾ ಕುಡಿದು, ಎರಡು ತೊಡದೇವು ತಿಂದು ಹೊರಟರು. 'ಎಂತ ಆದ್ರೂ ಅಂವ ಬತ್ತ ತಮಾ' ಎಂದರು ಆ ಅಮ್ಮ.

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗೆ ಕೃಷಿ ನೀತಿ, ಕೃಷಿ ವಿಜ್ಞಾನ, ಹೊಸ ಇಂಧನ ಎಂಬ ಹೆಸರಿನಲ್ಲಿ ಈಚೆಗೆ ಏನೇನು ಬಂದಿದೆ, ಬಂದದ್ದರಲ್ಲಿ ಏನು ನೆಲೆ ನಿಂತಿದೆ ಎಂದು ನೋಡಹೊರಟರೆ ಯೋಜನೆಗಳ ಪಟ್ಟಿ ಉದ್ದವಾಗುತ್ತದೆ. ಸಬ್ಸಿಡಿ ಎಷ್ಟು, ಗುರಿ ಎಷ್ಟು, ಸಾಧನೆ ಎಷ್ಟು ಎಂಬ ಲೆಕ್ಕ ಕಚೇರಿಗಳಲ್ಲಿ ಸಿಗುತ್ತದೆ. ನಾನು ಹಿಡಿದಿರುವ ಅಳತೆಗೋಲು ಆ ಅಮ್ಮನ ಮಾತಿನದು. ತಂದಿಟ್ಟ ವಸ್ತು ಕೆಟ್ಟಾಗ ಬರುವವರು ಇದ್ದಾರೆಯೇ?

ಮೊದಲು ಇಲ್ಲಿನ ಬೇಸಾಯದ ಕಟ್ಟನ್ನು ಹೇಳಬೇಕು. ಎರಡು ಗುಡ್ಡದ ನಡುವಿನ ಕಣಿವೆಯಲ್ಲಿ ಅಡಿಕೆ ತೋಟ. ಅದರೊಳಗೇ ಕಾಳುಮೆಣಸು, ಏಲಕ್ಕಿ, ಬಾಳೆ, ವೀಳ್ಯದೆಲೆ. ತೋಟದ ಮೇಲಿನ ಇಳಿಜಾರಿನಲ್ಲಿ ಸೊಪ್ಪಿನ ಬೆಟ್ಟ. ನಡುವೆ ಮನೆ, ಮನೆಗೆ ಅಂಟಿಕೊಂಡು ಕೊಟ್ಟಿಗೆ. ಬೆಟ್ಟದ ಸೊಪ್ಪು, ದರಕು ಕೊಟ್ಟಿಗೆಗೆ ಬಂದು ಜಾನುವಾರಿನ ಕಾಲಡಿ ಹಾಸಾಗಿ, ಸಗಣಿ ಗಂಜಲ ಹೀರಿ, ಗೊಬ್ಬರಗುಂಡಿಯಲ್ಲಿ ಕೊಳೆತು ಅಡಿಕೆ ಮರದ ಬುಡಕ್ಕೆ ಹೋಗುತ್ತದೆ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಸೋಂದೆಯ ಸೀಮೆಯಲ್ಲಿ ಓಡಾಡಿದಾಗ ಕಂಡು ಬರೆದುಕೊಂಡದ್ದು ಇದೇ ತೋಟಗಳನ್ನು. ಮುಂದೆ ಬ್ರಿಟಿಷರ ಅರಣ್ಯ ಇಲಾಖೆ ಕಾಡಿಗೆ ಬೇಲಿ ಹಾಕಿದಾಗಲೂ ಒಂದು ಎಕರೆ ತೋಟಕ್ಕೆ ಸುಮಾರು ಒಂಬತ್ತು ಎಕರೆ ಬೆಟ್ಟದ ಹಕ್ಕನ್ನು ಒಪ್ಪಿಕೊಳ್ಳಬೇಕಾಯಿತು. ಒಂದು ಎಕರೆ ತೋಟ ಉಳಿಯಲು ಅಷ್ಟು ಕಾಡು ಬೇಕು ಎಂಬುದು ಅವರಿಗೂ ಗೊತ್ತಾಗಿತ್ತು. ಬೆಟ್ಟದ ಒಡೆತನ ಮಾತ್ರ ಇವತ್ತಿಗೂ ಸರ್ಕಾರದ್ದು, ಬಳಕೆಯ ಹಕ್ಕಷ್ಟೇ ರೈತನದು.

ಈ ಸರಪಳಿಯಲ್ಲಿ ಒಂದು ಕೊಂಡಿ ಹೊಸದಾಗಿ ಸೇರಿದ್ದು ಸುಮಾರು ನಲವತ್ತು ವರ್ಷದ ಹಿಂದೆ. ಸಗಣಿ ನೇರ ಗುಂಡಿಗೆ ಹೋಗುವ ಬದಲು ಗ್ಯಾಸಿನ ತೊಟ್ಟಿಗೆ ಹೋಗಿ, ಅಡುಗೆಗೆ ಉರಿ ಕೊಟ್ಟು, ಆಮೇಲೆ ಬಗ್ಗಡವಾಗಿ ಗೊಬ್ಬರಗುಂಡಿ ಸೇರತೊಡಗಿತು. ಕೇಂದ್ರ ಸರ್ಕಾರ 1981-82ರಲ್ಲಿ ರಾಷ್ಟ್ರೀಯ ಜೈವಿಕ ಅನಿಲ ಅಭಿವೃದ್ಧಿ ಯೋಜನೆ ಶುರುಮಾಡಿತು. ಮೊದಲು ಖಾದಿ ಆಯೋಗದ ಕಬ್ಬಿಣದ ಡ್ರಮ್ಮಿನ ಮಾದರಿ. ಈ ಮಳೆಯ ನಾಡಿನಲ್ಲಿ ಅದು ತುಕ್ಕು ಹಿಡಿಯುತ್ತಿತ್ತು. 1984ರಲ್ಲಿ ಬಂದ 'ದೀನಬಂಧು' ಮಾದರಿಯಲ್ಲಿ ಕಬ್ಬಿಣದ ಗೊಡವೆಯೇ ಇಲ್ಲ. ನೆಲದೊಳಗೆ ಇಟ್ಟಿಗೆ ಸಿಮೆಂಟಿನ ಗುಮ್ಮಟ. ಒಳ್ಳೆಯ ಮೇಸ್ತ್ರಿ ಸಿಕ್ಕರೆ ಅದಕ್ಕೆ ಸಾವಿಲ್ಲ, ಕೈ ತಪ್ಪಿದರೆ ಕೂದಲೆಳೆಯಷ್ಟು ಬಿರುಕಿನಿಂದಲೂ ಗ್ಯಾಸು ಸೋರಿಹೋಗುತ್ತದೆ.

ಹಾಗೆ ಕೈ ತಪ್ಪಿದ ಗುಂಡಿಗಳು ದೇಶದ ತುಂಬ ಇದ್ದವು. ಸಬ್ಸಿಡಿ ಬಂತು, ಗುಂಡಿ ತೋಡಿದರು, ಉದ್ಘಾಟನೆಯಾಯಿತು, ಮರುವರ್ಷ ಅದರ ಮೇಲೆ ಹುಲ್ಲು ಬೆಳೆಯಿತು. ಶಿರಸಿಯಲ್ಲಿ ಹೀಗಾಗಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಆರ್. ಭಟ್, ಎಚ್. ಎನ್. ಚಾಣಕ್ಯ, ಎನ್. ಎಚ್. ರವೀಂದ್ರನಾಥ್ ಇಲ್ಲಿನ ಹಳ್ಳಿಗಳನ್ನು ಅಧ್ಯಯನ ಮಾಡಿ 2001ರಲ್ಲಿ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದಲ್ಲಿ ಇಂದಿಗೂ ಹೆಸರಾದದ್ದು. ಅವರು ನೋಡಿದ ಹಳ್ಳಿಗಳಲ್ಲಿ ಅಷ್ಟೂ ಗ್ಯಾಸ್ ಗುಂಡಿಗಳು ಕೆಲಸ ಮಾಡುತ್ತಿದ್ದವು. ಕಾರಣಗಳಲ್ಲಿ ಮುಖ್ಯವಾಗಿ ಅವರ ಕಣ್ಣಿಗೆ ಬಿದ್ದವರು ಊರಿನವರೇ ಆದ, ಗುಂಡಿ ಕಟ್ಟುವುದನ್ನೇ ಉದ್ಯೋಗ ಮಾಡಿಕೊಂಡ ಕಸುಬುದಾರರು. ಸಬ್ಸಿಡಿಯ ಕಾಗದ ಪತ್ರವನ್ನೂ ಅವರೇ ಓಡಾಡಿ ಮಾಡಿಸುತ್ತಿದ್ದರು. ಗುಂಡಿ ಕೆಲಸ ಮಾಡುತ್ತದೆ ಎಂದು ಮಾತು ಕೊಡುತ್ತಿದ್ದರು, ಕೆಟ್ಟರೆ ಪುಕ್ಕಟೆ ಬಂದು ಸರಿಮಾಡುತ್ತಿದ್ದರು. ಒಂದು ಮನೆಯಲ್ಲಿ ಒಲೆ ಆರಿದರೆ ಪಕ್ಕದ ಮನೆಯ ಆರ್ಡರು ತಪ್ಪುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಕೊಟ್ಟಿಗೆ ತುಂಬ ಜಾನುವಾರು, ವರ್ಷವಿಡೀ ನೀರು, ಕೈಯಲ್ಲಿ ಅಡಿಕೆಯ ದುಡ್ಡು, ಸಹಕಾರಿ ಸಂಘದ ಸಾಲ ಇವೆಲ್ಲ ಜೊತೆಗಿದ್ದವು, ನಿಜ. ಆದರೆ ಇವೆಲ್ಲ ಇದ್ದ ಊರುಗಳು ಬೇರೆ ಕಡೆಯೂ ಇದ್ದವಲ್ಲ.

ಇಲ್ಲಿಯವರೆಗೆ ಹೇಳಿದ್ದು ಸಂತೋಷದ ಸಂಗತಿ. ಈಗ ಕೊಟ್ಟಿಗೆಯೇ ಖಾಲಿಯಾಗುತ್ತಿದೆ. ಎರಡು ಘನ ಮೀಟರಿನ ಗುಂಡಿಗೆ ದಿನಕ್ಕೆ ಸುಮಾರು ಐವತ್ತು ಕಿಲೋ ಸಗಣಿ ಬೇಕು. ನಾಲ್ಕೈದು ದನಗಳಾದರೂ ಇರಬೇಕು. ನಮ್ಮ ಮಲೆನಾಡು ಗಿಡ್ಡ ದಿನಕ್ಕೆ ಹಾಕುವ ಸಗಣಿ ಇನ್ನೂ ಕಡಿಮೆ. ಮಲೆನಾಡು ಗಿಡ್ಡಕ್ಕೆ 2012ರಲ್ಲಿ ರಾಷ್ಟ್ರೀಯ ತಳಿ ಎಂಬ ಮನ್ನಣೆ ಸಿಕ್ಕಿತು, ಆ ಹೊತ್ತಿಗಾಗಲೇ ಎಷ್ಟೋ ಕೊಟ್ಟಿಗೆಗಳ ಕಂಬಕ್ಕೆ ಕಟ್ಟಿದ ಕಣ್ಣಿ ಹಾಗೇ ಒಣಗಿ ನೇತಾಡುತ್ತಿತ್ತು. ಮಕ್ಕಳು ಬೆಂಗಳೂರಿನಲ್ಲಿ. ಮನೆಯಲ್ಲಿ ಎಪ್ಪತ್ತು ದಾಟಿದ ಇಬ್ಬರು. ಬೆಳಿಗ್ಗೆ ಐದಕ್ಕೆದ್ದು ಹುಲ್ಲು ಹಾಕಿ, ಹಾಲು ಕರೆದು, ಸಗಣಿ ಬಾಚಿ, ತೊಟ್ಟಿಯಲ್ಲಿ ಕಲಸಿ ಬಿಡುವ ಶಕ್ತಿ ಯಾರಿಗಿದೆ? 2016ರ ಉಜ್ವಲಾ ಯೋಜನೆ ಕಟ್ಟಿಗೆ ಒಲೆಯ ಹೊಗೆಯಲ್ಲಿದ್ದ ಕೂಲಿಕಾರರ ಮನೆಗಳಿಗೆ ದೊಡ್ಡ ಉಪಕಾರ ಮಾಡಿತು, ಅದರಲ್ಲಿ ಎರಡು ಮಾತಿಲ್ಲ. ತೋಟದ ಮನೆಗಳಿಗೂ ಸಿಲಿಂಡರ್ ಸುಲಭವಾಗಿ ಬರತೊಡಗಿತು. ದನ ಹೋಯಿತು, ಗ್ಯಾಸು ನಿಂತಿತು, ಬಗ್ಗಡವೂ ನಿಂತಿತು. ಗೊಬ್ಬರ ಹೊರಗಿನಿಂದ ಲಾರಿಯಲ್ಲಿ ಬರತೊಡಗಿತು. ಬೆಟ್ಟದ ದರಕನ್ನು ಗುಡಿಸುವವರಿಲ್ಲದೆ ಬೇಸಿಗೆಯಲ್ಲಿ ಅದು ಬೆಂಕಿಗೆ ಸೌದೆಯಾಯಿತು.

2022ರ ಕೊನೆಗೆ ಬಂದ ರಾಷ್ಟ್ರೀಯ ಜೈವಿಕ ಇಂಧನ ಕಾರ್ಯಕ್ರಮದಲ್ಲಿ ಮನೆಮಟ್ಟದ ಗ್ಯಾಸ್ ಗುಂಡಿಗಳಿಗೆ ಸಹಾಯಧನ ಮುಂದುವರಿಯಿತು. ಗೋಬರ್ಧನ್ ಹೆಸರಿನಲ್ಲಿ ಊರಿಗೊಂದು ದೊಡ್ಡ ಘಟಕದ ಮಾತೂ ಇದೆ. ಅಲ್ಲೊಂದು ಮನೆ, ಇಲ್ಲೊಂದು ಮನೆ, ನಡುವೆ ಕಣಿವೆ ಇರುವ ನಮ್ಮ ಊರುಗಳಲ್ಲಿ ಸಗಣಿ ಹೊತ್ತು ಒಂದೆಡೆ ಸೇರಿಸುವುದು ಆಗದ ಹೋಗದ ಮಾತು. ನನ್ನ ಅಭಿಪ್ರಾಯದಲ್ಲಿ ಇಲ್ಲಿ ಹೊಸ ಗುಂಡಿಯ ಸಬ್ಸಿಡಿಗಿಂತ ಮೊದಲು ಬೇಕಾದ್ದು ಎರಡು ದನ ಸಾಕಿಕೊಂಡವರಿಗೆ ಆಸರೆ. ಹಾಲಿಗೆ ಪ್ರೋತ್ಸಾಹಧನವಿದೆ. ಸಗಣಿಗೆ ಬೆಲೆ ಕಟ್ಟುವ ನೀತಿ ಇಲ್ಲ. ಈ ಸೀಮೆಯಲ್ಲಿ ಹಸು ಸಾಕುತ್ತಿದ್ದದ್ದೇ ಗೊಬ್ಬರಕ್ಕಾಗಿ ಎಂಬುದನ್ನು ಇಲ್ಲಿಯ ಹಳಬರು ಯಾರು ಬೇಕಾದರೂ ಹೇಳಿಯಾರು.

ತೋಟಕ್ಕೆ ಇಳಿಯೋಣ. ಅಡಿಕೆಯ ವಿಜ್ಞಾನದ ಕತೆ ಕೊಳೆರೋಗದಿಂದ ಶುರುವಾಗುತ್ತದೆ. ಮಳೆ ಹಿಡಿದು ಹೊಡೆದರೆ ಎಳೆಗಾಯಿ ಕೊಳೆತು ಉದುರುವ ರೋಗ. ಹಿಂದಿನವರಿಗೆ ಇದ್ದ ಉಪಾಯ ಕೊಟ್ಟೆ ಕಟ್ಟುವುದು. ಬೆಟ್ಟದ ಕರಡವನ್ನು ಹೆಣೆದು ಟೋಪಿಯಂತೆ ಮಾಡಿ, ಕೊನೆಗೌಡ ಮರ ಹತ್ತಿ ಪ್ರತಿ ಕೊನೆಗೂ ಅದನ್ನು ತೊಡಿಸುತ್ತಿದ್ದ. ಮಳೆನೀರು ಕಾಯಿಗೆ ತಾಗದೆ ಜಾರಿಹೋಗುತ್ತಿತ್ತು. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಇದನ್ನೆಲ್ಲ ನೋಡಿ, ರೋಗದ ಶಿಲೀಂಧ್ರವನ್ನು ಗುರುತಿಸಿ, 1910ರಲ್ಲಿ ಕೊಳೆರೋಗದ ಮೇಲೆ ಪುಸ್ತಿಕೆ ಬರೆದರು. ಫ್ರಾನ್ಸಿನ ದ್ರಾಕ್ಷಿ ತೋಟಗಳ ಬೋರ್ಡೋ ದ್ರಾವಣ ಅಡಿಕೆ ಮರಕ್ಕೆ ಏರಿತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆಗೆ ತೊಳೆದುಹೋಗದಂತೆ ರಾಳ ಮತ್ತು ಸೋಡಾದ ಅಂಟು. ಶಿರಸಿ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು, ಮೈಸೂರಿನ ವಿಜ್ಞಾನಕ್ಕೆ ಗಡಿ ದಾಟಿ ಬರಬೇಕಾಗಿತ್ತು. ಬಂತು. ನೂರು ವರ್ಷ ದಾಟಿದರೂ ಮಳೆಗಾಲದ ತೋಟದಲ್ಲಿ 'ಮದ್ದು' ಎಂದರೆ ಅದೇ ನೀಲಿ ನೀರು. ನೂರು ವರ್ಷ ಉಳಿದದ್ದೇಕೆ? ಸಾಮಾನು ಊರಿನ ಅಂಗಡಿಯಲ್ಲಿ ಸಿಗುತ್ತದೆ, ಹದ ಮನೆಯವರಿಗೇ ಗೊತ್ತು, ಸರಿಯಾಯಿತೇ ಇಲ್ಲವೇ ಎಂದು ಕಬ್ಬಿಣದ ಕತ್ತಿಯನ್ನು ಅದ್ದಿ ನೋಡಿದರೆ ತಿಳಿಯುತ್ತದೆ. ಕತ್ತಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ. ಪರೀಕ್ಷೆಯ ಉಪಕರಣ ರೈತನ ಸೊಂಟದಲ್ಲೇ ಇದೆ.

ಈಗಿನ ಸಂಕಟ ಎಲೆಚುಕ್ಕೆ. ಮೊದಲಿನಿಂದಲೂ ಅಲ್ಲಲ್ಲಿ ಇದ್ದ ರೋಗವೇ. 2022ರ ಹೊತ್ತಿಗೆ ಶಿವಮೊಗ್ಗ, ಚಿಕ್ಕಮಗಳೂರಿನ ಮಲೆನಾಡಿನಿಂದ ಉತ್ತರ ಕನ್ನಡದವರೆಗೆ ಹಬ್ಬಿ ತೋಟಗಳನ್ನು ಒಣಹುಲ್ಲಿನ ಬಣ್ಣಕ್ಕೆ ತಿರುಗಿಸಿತು. ಮುಖ್ಯವಾಗಿ ಕೊಲೆಟೊಟ್ರೈಕಮ್ ಎಂಬ ಶಿಲೀಂಧ್ರ, ಜೊತೆಗೆ ಫಿಲೊಸ್ಟಿಕ್ಟಾ. ಹೆಡೆಯ ಮೇಲೆ ಹಳದಿ ಅಂಚಿನ ಕಂದು ಚುಕ್ಕೆ ಮೂಡುತ್ತದೆ, ಚುಕ್ಕೆಗಳು ಕೂಡಿಕೊಂಡು ಸೋಗೆ ಒಣಗಿ ಜೋಲುತ್ತದೆ. ಎಲೆ ಹೋದ ಮರ ಮರುವರ್ಷ ಹಿಂಗಾರ ಬಿಡುವುದಿಲ್ಲ. ವಿಟ್ಲದಲ್ಲಿ 1956ರಲ್ಲಿ ಶುರುವಾದ ಅಡಿಕೆ ಸಂಶೋಧನಾ ಕೇಂದ್ರ ಈಗ ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಅಂಗ. ಅಲ್ಲಿನ ವಿಜ್ಞಾನಿಗಳು ಹೇಳುವುದು ಹೀಗೆ: ರೋಗದ ಸೋಗೆ ಕತ್ತರಿಸಿ ಸುಡಿ, ಪ್ರೊಪಿಕೊನಜೋಲ್ ಅಥವಾ ಟೆಬುಕೊನಜೋಲ್‌ನಂಥ ಔಷಧಿ ಸಿಂಪಡಿಸಿ, ಪೊಟ್ಯಾಷ್ ಕೊಡಿ, ಮತ್ತು ಇಡೀ ಕಣಿವೆಯವರು ಒಟ್ಟಿಗೇ ಮಾಡಿ.

ಕೊನೆಯ ಮಾತಿನಲ್ಲಿದೆ ಕಷ್ಟವೆಲ್ಲ. ಐವತ್ತು ಅಡಿ ಮರದ ತುದಿಯ ಎಲೆಗೆ ಮದ್ದು ತಾಗಿಸಬೇಕು. ಕೊನೆಗೌಡರು ಇಲ್ಲ. ಮರದಿಂದ ಮರಕ್ಕೆ ತೂಗಿ ದಾಟುತ್ತ ಇಡೀ ತೋಟವನ್ನು ನೆಲಕ್ಕಿಳಿಯದೆ ಮುಗಿಸುತ್ತಿದ್ದ ಆ ಕಸುಬನ್ನು ಅವರ ಮಕ್ಕಳು ಮುಂದುವರಿಸಲಿಲ್ಲ. ಮರದಿಂದ ಬಿದ್ದು ಸೊಂಟ ಮುರಿದವರನ್ನು ನೋಡಿ ಬೆಳೆದ ಮಕ್ಕಳು ಅವರು, ತಪ್ಪೆನ್ನಲು ನನಗೆ ಬಾಯಿಲ್ಲ. ಒಂದು ತೋಟಕ್ಕೆ ಮದ್ದು ಬಿದ್ದು ಪಕ್ಕದ ತೋಟ, ಯಜಮಾನರು ಬೆಂಗಳೂರಿನಲ್ಲಿದ್ದಾರೆಂದು ಹಾಗೇ ಉಳಿದರೆ ಗಾಳಿ ಮಳೆಗೆ ರೋಗ ಮತ್ತೆ ಮರಳುತ್ತದೆ.

ಈ ಜಾಗಕ್ಕೆ ಬಂದದ್ದು ದೋಟಿ. ಕಾರ್ಬನ್ ಫೈಬರಿನ, ಒಂದರೊಳಗೊಂದು ಸೇರುವ, ಎಳೆದರೆ ಅರವತ್ತು ಎಪ್ಪತ್ತು ಅಡಿ ಉದ್ದವಾಗುವ ಹಗುರ ಕೋಲು. ತುದಿಗೆ ಕತ್ತಿ ಕಟ್ಟಿದರೆ ಕೊನೆ ಕೊಯ್ಯುತ್ತದೆ, ನಳಿಕೆ ಕಟ್ಟಿದರೆ ಮದ್ದು ಹೊಡೆಯುತ್ತದೆ. ಈಚಿನ ಹತ್ತು ವರ್ಷದಲ್ಲಿ ಈ ಸೀಮೆಯ ಬೇಸಾಯವನ್ನು ನಿಜವಾಗಿ ಬದಲಿಸಿದ ವಸ್ತು ಯಾವುದೆಂದು ಕೇಳಿದರೆ ನಾನು ದೋಟಿಯನ್ನೇ ತೋರಿಸುತ್ತೇನೆ. ಶಿರಸಿಯ ಸಹಕಾರಿ ಸಂಸ್ಥೆಗಳು, ಅದರಲ್ಲೂ ಕದಂಬ ಸೌಹಾರ್ದ ಸಹಕಾರಿ, ದೋಟಿಯನ್ನು ಪ್ರಚಾರಕ್ಕೆ ತಂದವು, ಯುವಕರಿಗೆ ತರಬೇತಿ ಕೊಡಿಸಿದವು. ಮರ ಹತ್ತಲು ಒಲ್ಲದ ಹುಡುಗರು ನಾಲ್ಕೈದು ಜನ ಗುಂಪು ಕಟ್ಟಿಕೊಂಡು, ಪಿಕಪ್ ವಾಹನದಲ್ಲಿ ಪಂಪು ದೋಟಿ ಹೇರಿಕೊಂಡು, ತೋಟದಿಂದ ತೋಟಕ್ಕೆ ಹೋಗುತ್ತಿದ್ದಾರೆ. ಗುತ್ತಿಗೆಗೆ ಮದ್ದು ಹೊಡೆಯುತ್ತಾರೆ, ಕೊನೆ ಕೊಯ್ಯುತ್ತಾರೆ. ನೋಡಿದವರಿಗೆ ಗೊತ್ತು, ಸುಲಭದ ಕೆಲಸವಲ್ಲ ಅದು. ಕತ್ತು ಮೇಲೆತ್ತಿ, ತೂಗಾಡುವ ಕೋಲಿನ ತುದಿಯನ್ನು ಕೊನೆಯ ಕುತ್ತಿಗೆಗೆ ಸಿಕ್ಕಿಸಿ ಎಳೆಯಬೇಕು. ಕೆಳಗೆ ಇಬ್ಬರು ಬಲೆಯನ್ನೋ ತಾಡಪತ್ರಿಯನ್ನೋ ಹಿಡಿದು ನಿಂತಿರಬೇಕು, ಇಲ್ಲದಿದ್ದರೆ ಕೊನೆ ನೆಲಕ್ಕಪ್ಪಳಿಸಿ ಕಾಯಿ ಚೆಲ್ಲಾಪಿಲ್ಲಿ. ಸಂಜೆಗೆ ಆ ಹುಡುಗರ ಕುತ್ತಿಗೆ ಹಿಡಿದಿರುತ್ತದೆ. ಆದರೂ ಬರುತ್ತಾರೆ, ಕರೆದರೆ ಬರುತ್ತಾರೆ. ವಿಟ್ಲದವರು ಹಿರೇಹಳ್ಳಿ ಗಿಡ್ಡ ತಳಿಯ ಜೊತೆ ಸಂಕರ ಮಾಡಿ ಕುಳ್ಳ ಅಡಿಕೆಯನ್ನು ಕೊಟ್ಟಿದ್ದಾರೆ. ಮರವೇ ಗಿಡ್ಡವಾದರೆ ಈ ಪಾಡು ತಪ್ಪುತ್ತದೆ. ಹಳೆಯ ತೋಟವೆಲ್ಲ ಹೊಸ ಸಸಿಗೆ ತಿರುಗಲು ಒಂದು ತಲೆಮಾರು ಹೋಗುತ್ತದೆ.

ನೀತಿಯ ವಿಷಯಕ್ಕೆ ಬಂದರೆ, ಬೆಲೆಯ ಮಾತು ಬೇಗ ಮುಗಿಸುತ್ತೇನೆ. ಆಮದು ಅಡಿಕೆಗೆ ಕಿಲೋಗೆ ₹251 ಇದ್ದ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರುವರಿಯಲ್ಲಿ ಕೇಂದ್ರ ₹351ಕ್ಕೆ ಏರಿಸಿತು. ಅದಕ್ಕೂ ಹಿಂದಿನ ವರ್ಷ ಭೂತಾನಿನಿಂದ 17,000 ಟನ್ ಹಸಿ ಅಡಿಕೆಗೆ ಈ ಷರತ್ತಿಲ್ಲದೆ ಬಾಗಿಲು ತೆರೆದಿತ್ತು. 1923ರಲ್ಲಿ ಹುಟ್ಟಿದ ತೋಟಗಾರ್ಸ್ ಸೇಲ್ ಸೊಸೈಟಿಯ ಶ್ರಮದಿಂದ 'ಶಿರಸಿ ಸುಪಾರಿ'ಗೆ 2019ರಲ್ಲಿ ಭೌಗೋಳಿಕ ಸೂಚಕದ ಮುದ್ರೆ ಸಿಕ್ಕಿದೆ. ಇನ್ನೊಂದು ಕಡೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿತ್ತು. 2022ರಲ್ಲಿ ಜಗತ್ತಿನಲ್ಲಿ ಕಾಣಿಸಿಕೊಂಡ 3,89,800 ಬಾಯಿ ಕ್ಯಾನ್ಸರ್ ಪ್ರಕರಣಗಳಲ್ಲಿ 1,20,200ಕ್ಕೆ ಹೊಗೆರಹಿತ ತಂಬಾಕು ಮತ್ತು ಅಡಿಕೆ ಕಾರಣ ಎಂದು ಅದೇ ಅಂಗ 2024ರಲ್ಲಿ ಅಂದಾಜಿಸಿತು. ನಮ್ಮ ಸಭೆಗಳಲ್ಲಿ ಇದನ್ನು ಷಡ್ಯಂತ್ರ ಎಂದು ತಳ್ಳಿಹಾಕುವುದು ರೂಢಿಯಾಗಿದೆ. ನನಗದು ಸರಿಕಾಣುವುದಿಲ್ಲ. ಅಡಿಕೆಯೊಂದನ್ನೇ ನಂಬಿದ ಸೀಮೆಯೊಂದು ಈ ಅಂಕಿಗಳನ್ನು ಎದುರಿಗಿಟ್ಟುಕೊಂಡೇ ಮುಂದಿನ ಮೂವತ್ತು ವರ್ಷದ ಲೆಕ್ಕ ಹಾಕಬೇಕು. ಕಾಳುಮೆಣಸು, ಜಾಯಿಕಾಯಿ, ಕೋಕೋ, ಜೇನು ಎಲ್ಲ ಈ ತೋಟದ ನೆರಳಿಗೆ ಒಗ್ಗುವವೇ.

ವಿಮೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಅಡಿಕೆ ಮತ್ತು ಕಾಳುಮೆಣಸಿಗೆ ಇಲ್ಲಿರುವುದು ಹವಾಮಾನ ಆಧಾರಿತ ಬೆಳೆ ವಿಮೆ. ಅಡಿಕೆಗೆ ಹೆಕ್ಟೇರಿಗೆ ₹1,28,000 ವಿಮಾ ಮೊತ್ತ. ರೈತ ತುಂಬುವುದು ಅದರ ಶೇ 5, ಅಂದರೆ ₹6,400. ಉಳಿದದ್ದು ಸರ್ಕಾರಗಳ ಪಾಲು. ಭೈರುಂಬೆಯಂಥ ಊರಿನಲ್ಲಿ ಸಹಕಾರಿ ಸಂಘದ ಕಟ್ಟೆಯ ಮೇಲೆ ಪಹಣಿ, ಆಧಾರ್ ಪ್ರತಿ ಹಿಡಿದು ಕಂತು ತುಂಬುವ ಸಾಲು ಪ್ರತಿವರ್ಷದ ಮಳೆಗಾಲದ ನೋಟ. ಈ ವಿಮೆಯಲ್ಲಿ ತೋಟಕ್ಕೆ ಬಂದು ಹಾನಿ ನೋಡುವ ಕ್ರಮವಿಲ್ಲ. ಗ್ರಾಮ ಪಂಚಾಯಿತಿಗೊಂದು ಇರುವ ಮಳೆಮಾಪನ ಯಂತ್ರ ಎಷ್ಟು ದಿನ ಎಷ್ಟು ಮಿಲಿಮೀಟರ್ ತೋರಿಸಿತು, ಉಷ್ಣತೆ ಎಷ್ಟಿತ್ತು ಎಂಬುದರ ಮೇಲೆ ಪರಿಹಾರ ತಾನಾಗಿ ಖಾತೆಗೆ ಬರಬೇಕು. ತತ್ತ್ವ ಒಳ್ಳೆಯದು. ಅಧಿಕಾರಿಯ ಕೃಪೆಗೆ ಕಾಯಬೇಕಾಗಿಲ್ಲ, ಮರದಡಿ ಉದುರಿದ ಕಾಯಿ ಎಣಿಸಬೇಕಾಗಿಲ್ಲ. ಕೊಳೆರೋಗ ಮಳೆಯ ಜೊತೆಗೇ ಬರುವ ರೋಗವಾದ್ದರಿಂದ ಮಳೆಯನ್ನು ಅಳೆದರೆ ರೋಗವನ್ನೂ ಅಳೆದ ಹಾಗೆ. ಎಷ್ಟೋ ಮನೆಗಳು ಈ ದುಡ್ಡಿನಿಂದ ಸಾಲದ ಕಂತು ಕಟ್ಟಿವೆ.

ಆದರೆ ಎಲ್ಲ ನಿಂತಿರುವುದು ಆ ಒಂದು ಯಂತ್ರದ ಮೇಲೆ. ಅದರ ಬಾಯಿಗೆ ಎಲೆ ಬಿದ್ದರೆ, ಜೇಡ ಬಲೆ ಕಟ್ಟಿದರೆ, ಬ್ಯಾಟರಿ ಕೂತರೆ, ಸಿಗ್ನಲ್ ಹೋದರೆ ಮಳೆ ಸೊನ್ನೆ. ಹೊರಗೆ ಕಾದಿಗೆ ತುಂಬಿ ಹರಿಯುತ್ತಿದ್ದರೂ ದಾಖಲೆಯಲ್ಲಿ ಮಳೆಯಿಲ್ಲ. ಯಂತ್ರ ಕೆಟ್ಟ ಪಂಚಾಯಿತಿಗೆ ದೂರದ ಇನ್ನೊಂದು ಯಂತ್ರದ ಲೆಕ್ಕ ಹಿಡಿದರು, ಪರಿಹಾರ ತಡವಾಯಿತು, ಕಡಿಮೆಯಾಯಿತು ಎಂಬ ತಕರಾರು ಈಚಿನ ವರ್ಷಗಳಲ್ಲಿ ಈ ಮೂರೂ ತಾಲ್ಲೂಕುಗಳಲ್ಲಿ ಕೇಳುತ್ತಲೇ ಇದೆ. ಘಟ್ಟದ ಮಳೆಯ ಸ್ವಭಾವ ಬಲ್ಲವರಿಗೆ ಇದರ ತೂಕ ಗೊತ್ತಾಗುತ್ತದೆ. ಒಂದು ಗುಡ್ಡದ ಈಚೆ ಜಡಿಮಳೆ, ಆಚೆ ಬರೀ ಮೋಡ. ಯಂತ್ರವನ್ನು ನೋಡಿಕೊಳ್ಳುವ ಹೊಣೆ ಊರಿನ ಯಾರದೂ ಅಲ್ಲ, ಮುಟ್ಟುವ ಅಧಿಕಾರವೂ ಇಲ್ಲ. ಶಾಲೆಯ ಮೇಷ್ಟರಿಗೋ ಸಂಘದ ಕಾರ್ಯದರ್ಶಿಗೋ ಅದರ ಪಕ್ಕದಲ್ಲೇ ಹಳೆಯ ಕಾಲದ ಡಬ್ಬಿ-ಅಳತೆಗಾಜಿನ ಮಳೆಮಾಪಕವೊಂದನ್ನು ಇಟ್ಟು ದಿನಾ ಬೆಳಿಗ್ಗೆ ಬರೆದಿಡುವ ಕೆಲಸ ಕೊಟ್ಟಿದ್ದರೆ, ಯಂತ್ರ ಸುಮ್ಮನಾದ ದಿನ ಕೈಬರಹದ ಪುಸ್ತಕವೇ ಸಾಕ್ಷಿ ಹೇಳುತ್ತಿತ್ತು. ಇದಕ್ಕೆ ಕೋಟಿ ರೂಪಾಯಿ ಬೇಡ.

ಇನ್ನು ಬೆಳಕಿನ ವಿಷಯ. ಉತ್ತರ ಕನ್ನಡ ರಾಜ್ಯಕ್ಕೆ ವಿದ್ಯುತ್ ಉಣಿಸುವ ಜಿಲ್ಲೆ. ಕಾಳಿ ನದಿಗೆ ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ. ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಅಣು ಘಟಕಗಳು. ಮಳೆ ಬಿದ್ದರೆ ನಮ್ಮ ಊರುಗಳಲ್ಲಿ ಕತ್ತಲೆ. ತಂತಿಯ ಮೇಲೆ ಮರ ಬಿದ್ದು, ಲೈನ್‌ಮನ್ ಸೊಂಟಮಟ್ಟದ ನೀರಿನಲ್ಲಿ ಹುಡುಕುತ್ತ ಹೋಗಿ ಹಚ್ಚುವವರೆಗೆ ಎರಡು ದಿನವೂ ಆಗಬಹುದು, ನಾಲ್ಕು ದಿನವೂ ಆಗಬಹುದು. 1995ರಲ್ಲಿ ಹುಟ್ಟಿದ ಸೆಲ್ಕೊ ಸಂಸ್ಥೆ ಈ ಭಾಗದಲ್ಲಿ ಸೌರದೀಪ ಮಾರಲು ಶುರುಮಾಡಿದಾಗ ಜನ ಕೊಂಡದ್ದು ಈ ಕತ್ತಲೆಗೆ ಬೇಸತ್ತು. ಗ್ರಾಮೀಣ ಬ್ಯಾಂಕುಗಳ ಸಾಲ, ಮನೆಗೆ ಬಂದು ಬ್ಯಾಟರಿಗೆ ಡಿಸ್ಟಿಲ್ಡ್ ನೀರು ಹಾಕಿ ಹೋಗುವ ತಂತ್ರಜ್ಞ. ಇಲ್ಲಿಯೂ ಅದೇ ಗೋಬರ್ ಗ್ಯಾಸಿನ ಗುಟ್ಟು.

ಸೂರ್ಯನೊಬ್ಬನೇ ಈ ಸೀಮೆಗೆ ಸಾಲುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶ ಮುಚ್ಚಿರುತ್ತದೆ, ಮನೆಯ ಸುತ್ತ ಮರ, ಹಂಚಿನ ಮಾಡಿನ ಮೇಲೆ ಪಾಚಿ. ಆದರೆ ಅದೇ ನಾಲ್ಕು ತಿಂಗಳು ಮನೆಯ ಹಿಂದಿನ ಅಬ್ಬಿಯಲ್ಲಿ ನೀರು ಧುಮ್ಮಿಕ್ಕುತ್ತಿರುತ್ತದೆ. ಅದಕ್ಕೊಂದು ಪೈಪು ಹಾಕಿ, ಕೆಳಗೆ ಬುಟ್ಟಿಗಾತ್ರದ ಚಕ್ರ ಕೂರಿಸಿದರೆ ಒಂದು ಕಿಲೋವಾಟ್‌ನಷ್ಟು ವಿದ್ಯುತ್ ಹಗಲೂ ರಾತ್ರಿ ಬರುತ್ತದೆ. ಪಿಕೊ ಹೈಡ್ರೊ ಎಂಬ ಈ ಪುಟ್ಟ ಯಂತ್ರಗಳು ರಾಜ್ಯದ ಸಹಾಯಧನದಿಂದ ಮಲೆನಾಡಿನ ಒಂಟಿ ಮನೆಗಳಿಗೆ ಬಂದವು. ಮಳೆಗಾಲಕ್ಕೆ ಅಬ್ಬಿ, ಬೇಸಿಗೆಗೆ ಬಿಸಿಲು: ಒಂದು ಇಳಿಯುವಾಗ ಇನ್ನೊಂದು ಏರುತ್ತದೆ. ತೋಟಕ್ಕೆ ನೀರು ಹಾಯಿಸಬೇಕಾದದ್ದೂ ಬಿಸಿಲು ಸುಡುವ ಜನವರಿಯಿಂದ ಮೇ ತಿಂಗಳಲ್ಲೇ. ಸೌರ ಪಂಪಿಗೆ ಇದಕ್ಕಿಂತ ಹೊಂದುವ ಬೆಳೆ ಎಲ್ಲಿದೆ? ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದ 2023ರ ನಂತರದ ಬೇಸಿಗೆಯಲ್ಲಿ ತೋಟ ಉಳಿಸಿಕೊಳ್ಳಲು ಪಟ್ಟ ಪಾಡನ್ನು ನೆನೆದರೆ ಇದು ಬರೀ ಉಳಿತಾಯದ ವಿಷಯವಾಗಿ ಕಾಣುವುದಿಲ್ಲ.

ನೀತಿ ಈ ಜೋಡಿಯನ್ನು ಕಾಣುವುದಿಲ್ಲ. ಕುಸುಮ್ ಯೋಜನೆಯಲ್ಲಿ ವಿದ್ಯುತ್ ಜಾಲದಿಂದ 500 ಮೀಟರ್‌ಗಿಂತ ದೂರದ ಕೊಳವೆಬಾವಿಗೆ ಸೌರ ಪಂಪಿಗೆ ದೊಡ್ಡ ಸಹಾಯಧನವಿದೆ. ಬಯಲುಸೀಮೆಯನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಗುಡ್ಡದ ಕೆರೆಯಿಂದ ಒಂದು ಎರಡು ಎಚ್‌ಪಿ ಪಂಪಿನಲ್ಲಿ ನೀರೆತ್ತುವ ಎಕರೆ ತೋಟದವನಿಗೆ ಅದರ ಅಂಗಿ ದೊಡ್ಡದು. 2024ರ ಫೆಬ್ರುವರಿಯಲ್ಲಿ ಶುರುವಾದ ಸೂರ್ಯಘರ್ ಯೋಜನೆ ಮೂರು ಕಿಲೋವಾಟಿನ ಚಾವಣಿ ಫಲಕಕ್ಕೆ ₹78,000 ಕೊಡುತ್ತದೆ. 2023ರ ಆಗಸ್ಟ್‌ನಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಕರೆಂಟು ಪುಕ್ಕಟೆ. ಬಿಲ್ಲೇ ಇಲ್ಲದ ಮನೆಯವರು ಚಾವಣಿಗೆ ಲಕ್ಷ ಏಕೆ ಹಾಕಿಯಾರು? ಅದೂ ಅಲ್ಲದೆ, ಜಾಲಕ್ಕೆ ಜೋಡಿಸಿದ ಸಾಮಾನ್ಯ ಫಲಕ ಲೈನಿನಲ್ಲಿ ಕರೆಂಟು ಹೋದಾಗ ತಾನೂ ನಿಂತುಬಿಡುತ್ತದೆ. ದುರಸ್ತಿ ಮಾಡುವ ಲೈನ್‌ಮನ್‌ನ ಜೀವ ಉಳಿಯಲೆಂದು ಇರುವ ಏರ್ಪಾಡು ಅದು, ಇರಲೇಬೇಕು. ಆದರೆ ನಮಗೆ ಬೇಕಾದದ್ದು ಕರೆಂಟು ಹೋದ ರಾತ್ರಿಯ ದೀಪ. ಬ್ಯಾಟರಿಗೆ ಆ ಯೋಜನೆಯಲ್ಲಿ ಬಿಡಿಗಾಸಿಲ್ಲ. ಇನ್ನು ಅಬ್ಬಿಯ ಚಕ್ರಗಳ ಪಾಡು: ಬೇರಿಂಗ್ ಹೋದರೆ, ಮರಳು ತಾಗಿ ಚಕ್ರದ ಬಟ್ಟಲು ಸವೆದರೆ ಬಂದು ನೋಡುವ ಕಸುಬುದಾರರು ಬೆರಳೆಣಿಕೆಯಷ್ಟು. ಕಂಬದ ಕರೆಂಟು ಬಂದ ಮನೆಗಳಲ್ಲಿ ಎಷ್ಟೋ ಚಕ್ರಗಳು ಈಗ ಅಬ್ಬಿಯ ಬುಡದಲ್ಲಿ ಪಾಚಿ ಕಟ್ಟಿಕೊಂಡು ಕೂತಿವೆ.

ಅಡಿಕೆ ಬೇಯಿಸುವ ಹಂಡೆಯ ಮಾತನ್ನೂ ಸೇರಿಸಬೇಕು. ಕೆಂಪಡಿಕೆ ಮಾಡುವ ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಕೊಯ್ಲಿನ ಮೂರು ತಿಂಗಳು ಹಂಡೆಯ ಒಲೆ ಆರುವುದಿಲ್ಲ. ಈ ಸೀಮೆಯಲ್ಲಿ ಕಟ್ಟಿಗೆ ಅತಿ ಹೆಚ್ಚು ಸುಡುವ ಜಾಗ ಅದು. ವಿಜ್ಞಾನ ಸಂಸ್ಥೆಯ 'ಅಸ್ತ್ರ' ತಂಡದ ಒಲೆಗಳಿಂದ ಕಲಿತು ಹಂಡೆಗೂ ಉರಿ ಸೋರದ ಒಲೆ ಕಟ್ಟಿಸಿಕೊಂಡವರಿದ್ದಾರೆ. ಮಳೆಗಾಲದಲ್ಲೇ ಹಣ್ಣಾಗುವ ಉಪ್ಪಾಗೆಯನ್ನು ಒಣಗಿಸಲು ಕಾಡಿನಲ್ಲೇ ಮರ ಸುಡುತ್ತಿದ್ದದ್ದನ್ನು ಕಂಡು ಶಿರಸಿ ಅರಣ್ಯ ಕಾಲೇಜಿನವರೂ ಸುಧಾರಿತ ಒಲೆಗಳ ಹಿಂದೆ ಬಿದ್ದರು. ಅಕಾಲ ಮಳೆ ಈಗ ಡಿಸೆಂಬರಿನಲ್ಲೂ ಬರುವುದರಿಂದ ಅಂಗಳದ ಅಟ್ಟದ ಮೇಲೆ ಹರಡಿದ ಅಡಿಕೆಗೆ ಪಾರದರ್ಶಕ ಹಾಳೆಯ ಸೌರ ಗೂಡು ಕಟ್ಟಿಕೊಳ್ಳುವವರು ಹೆಚ್ಚುತ್ತಿದ್ದಾರೆ. ಮೋಡ ಕಂಡಾಗಲೆಲ್ಲ ಮನೆಮಂದಿಯೆಲ್ಲ ಓಡಿ ಅಡಿಕೆ ಬಾಚುವ ಗಡಿಬಿಡಿ ತಪ್ಪಿತು ಎಂದು ಹೆಂಗಸರು ಹೇಳುವುದನ್ನು ಕೇಳಬೇಕು. ಇಂಥ ಚಿಕ್ಕ ಕೆಲಸಗಳಲ್ಲಿ ನೀತಿ, ವಿಜ್ಞಾನ, ಇಂಧನ ಮೂರೂ ಒಂದೇ ಅಂಗಳದಲ್ಲಿ ಕೂಡುತ್ತವೆ, ಯಾವ ಇಲಾಖೆಯ ಹೆಸರೂ ಅದಕ್ಕೆ ಬರುವುದಿಲ್ಲ.

ದೊಡ್ಡ ಕೆಲಸಗಳು ಈ ಕಣಿವೆಗಳ ಮೇಲೆ ನೆರಳು ಚಾಚುತ್ತಲೇ ಇವೆ. ಬೇಡ್ತಿ ನದಿಗೆ ಜಲವಿದ್ಯುತ್ ಅಣೆಕಟ್ಟು ಬರುತ್ತದೆಂದಾಗ ಶಿರಸಿಯ ತೋಟಿಗರು ಘೋಷಣೆಯಷ್ಟಕ್ಕೇ ನಿಲ್ಲಲಿಲ್ಲ. 1981ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಘವೇ ಮುಂದೆ ನಿಂತು ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಶಿರಸಿಗೆ ಕರೆಸಿ, ಮುಳುಗುವ ತೋಟ, ಕಾಡು, ಬರುವ ವಿದ್ಯುತ್ ಎಲ್ಲದರ ಲಾಭನಷ್ಟ ತೂಗಿ ನೋಡಿತು. ರೈತರ ಸಂಘವೊಂದು ಅಣೆಕಟ್ಟಿನ ಲೆಕ್ಕಪತ್ರವನ್ನು ತಾನೇ ತೆರೆದು ಓದಿದ್ದು ಈ ದೇಶದಲ್ಲಿ ಅಪರೂಪ. ಆ ಯೋಜನೆ ನಿಂತಿತು. ಎರಡು ವರ್ಷದ ನಂತರ, 1983ರ ಸೆಪ್ಟೆಂಬರ್ 8ರಂದು, ಸಾಲ್ಕಣಿಯ ಜನ ಮರಗಳನ್ನು ತಬ್ಬಿ ನಿಂತರು. ಈಗ ಸಿದ್ದಾಪುರದ ಅಂಚಿನ ಶರಾವತಿಯಲ್ಲಿ, ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟಿನ ಭೂಗತ ವಿದ್ಯುದಾಗಾರ ಕಟ್ಟುವ ಪ್ರಸ್ತಾವವಿದೆ. ಹಗಲು ಹೆಚ್ಚಾದ ಸೌರ ವಿದ್ಯುತ್ತಿನಿಂದ ನೀರನ್ನು ಮೇಲೆತ್ತಿ, ಸಂಜೆ ಬೇಡಿಕೆಯ ಹೊತ್ತಿಗೆ ಕೆಳಗೆ ಬಿಡುವುದು. ಪಾವಗಡದಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನ ಇಟ್ಟುಕೊಂಡ ರಾಜ್ಯಕ್ಕೆ ಸಂಜೆಯ ಕೊರತೆ ನಿಜವಾದ ಸಮಸ್ಯೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎತ್ತಲು ಬೇಕಾದ ವಿದ್ಯುತ್ತಿನಲ್ಲಿ ಸುಮಾರು ಐದರಲ್ಲೊಂದು ಪಾಲು ದಾರಿಯಲ್ಲೇ ಕಳೆದುಹೋಗುತ್ತದೆ, ಮತ್ತು ಆ ಸುರಂಗ ಹಾಯುವುದು ಸಿಂಗಳೀಕಗಳ ಅಭಯಾರಣ್ಯದ ಒಡಲಲ್ಲಿ. ಕಾಡಿನಲ್ಲಿ ಏನಾದರೂ ಕೆಟ್ಟರೆ ದುರಸ್ತಿಗೆ ಬರುವ ಮೇಸ್ತ್ರಿ ಹುಟ್ಟಿಲ್ಲ. 1981ರ ಹಾಗೆ ಈ ಲೆಕ್ಕವನ್ನೂ ಹಳ್ಳಿಯ ಸಂಘಗಳು ತೆರೆದು ಓದಬೇಕು. ಬ್ಯಾಟರಿಯಲ್ಲಿ ಅದೇ ವಿದ್ಯುತ್ ಕೂಡಿಟ್ಟರೆ ಎಷ್ಟು ಖರ್ಚು ಎಂಬುದನ್ನು ಎದುರುಬದುರು ಇಟ್ಟು ನೋಡಬೇಕು.

ಆಷಾಢದ ಆ ಮಧ್ಯಾಹ್ನ ಹೊರಡುವ ಮುನ್ನ ಮೇಸ್ತ್ರಿಯವರನ್ನು ಕೇಳಿದೆ, ಈಗ ವರ್ಷಕ್ಕೆ ಎಷ್ಟು ಹೊಸ ಗುಂಡಿ ಕಟ್ಟುತ್ತೀರಿ ಎಂದು. ಹಿಂದೆ ತಿಂಗಳಿಗೆ ಕಟ್ಟುತ್ತಿದ್ದಷ್ಟು ಈಗ ವರ್ಷಕ್ಕೂ ಇಲ್ಲ ಎಂದರು. ವಯಸ್ಸು ಅರವತ್ತು ದಾಟಿದೆ, ಗುಮ್ಮಟದೊಳಗೆ ಬಗ್ಗಿ ಕೂತು ಗಿಲಾಯಿ ಮಾಡಲು ಮಂಡಿ ಒಪ್ಪುವುದಿಲ್ಲ. ಕೆಲಸ ಕಲಿಸೋಣವೆಂದರೆ ಹುಡುಗರು ಬರುವುದಿಲ್ಲ. ಒಬ್ಬ ಬಂದಿದ್ದನಂತೆ, ಚುರುಕಿದ್ದ, ಈಗ ದೋಟಿ ಹಿಡಿದು ಮದ್ದು ಹೊಡೆಯುವ ಗುಂಪಿಗೆ ಸೇರಿದ್ದಾನೆ, ದಿನಗೂಲಿ ಅಲ್ಲಿ ಚೆನ್ನಾಗಿದೆ. 'ಅವನಿಗೆ ಪೈಪಿನ ಕೆಲಸ ಎಲ್ಲ ಗೊತ್ತು, ಕರೆದ್ರೆ ಅವನೂ ಬತ್ತ' ಎಂದು ಆ ಹುಡುಗನ ನಂಬರನ್ನು ಯಜಮಾನತಿಯ ಫೋನಿಗೆ ಹಾಕಿಕೊಟ್ಟರು. ಆಮೇಲೆ ಕೊಪ್ಪೆ ಹೊದ್ದು, ಬೈಕಿನ ಸೀಟಿನ ನೀರು ಕೈಯಿಂದ ಒರೆಸಿ, ಹುಳಗೋಳದ ಕಡೆ ಇನ್ನೊಂದು ಮನೆಯಲ್ಲಿ ಒಲೆ ಆರಿದೆಯೆಂದು ಹೊರಟರು.